ಒಂದು ಫೋಟೋ ಹಾಕಿದರೆ ಕಂಪನಿಗೆ ಏನಾಗಿಬಿಡುತ್ತದೆ?

“ಮೇಡಂ, ನಾನು ಒಂದು ಫೋಟೋ ಹಾಕಿದರೆ ಕಂಪನಿಗೆ ಏನಾಗಿಬಿಡುತ್ತದೆ?”

ಬೆಂಗಳೂರಿನ ಒಂದು ಕಂಪನಿಯಲ್ಲಿ ಮಾಹಿತಿ ಸುರಕ್ಷತೆ ನೋಡಿಕೊಳ್ಳುವ ಕೆಲಸ ನನ್ನದು. ಹೊಸಬರ ತರಬೇತಿಯಲ್ಲಿ ಈ ಪ್ರಶ್ನೆ ತಪ್ಪುವುದಿಲ್ಲ. ಲಿಫ್ಟಿನಲ್ಲಿ ಕೇಳಿದ್ದಾರೆ, ಮದುವೆಮನೆಯ ಪಂಕ್ತಿಯಲ್ಲಿ ಕೂತವರು ಕೇಳಿದ್ದಾರೆ. ಹೇಳಿ ಹೇಳಿ ಬಾಯಿ ಸೋತಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ನಮ್ಮ ಆಯುಧಪೂಜೆಯ ಕಥೆ ಕೇಳಿ. ಮಾನಿಟರುಗಳಿಗೆಲ್ಲ ಅರಿಶಿನ ಕುಂಕುಮ, ಸೇವಂತಿಗೆ ಮಾಲೆ, ಬಾಗಿಲಿಗೆ ಬಾಳೆಕಂದು. ಕುಂಬಳಕಾಯಿ ಒಡೆಯುವ ಮೊದಲೇ ತಂಡದ ಫೋಟೋ ಇನ್‌ಸ್ಟಾಗ್ರಾಮಿಗೆ ಹೋಗಿತ್ತು. ಚೆಂದದ ಫೋಟೋ. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಮಾಲೆಯ ಪಕ್ಕದಲ್ಲೇ, ಮಾನಿಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿ. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ಟೆಸ್ಟ್ ಸರ್ವರಿನ ಹೆಸರು, ಕೆಳಗೆ ಪಾಸ್‌ವರ್ಡ್. ಹಿಂದಿನ ವೈಟ್‌ಬೋರ್ಡಿನಲ್ಲಿ ಗ್ರಾಹಕ ಸಂಸ್ಥೆಯ ಹೆಸರು, ಕೆಲಸ ಮುಗಿಸಿಕೊಡಬೇಕಾದ ದಿನಾಂಕ. ಹಬ್ಬದೂಟ ಬಿಟ್ಟು ನಾಲ್ಕು ಜನ ಸಂಜೆಯವರೆಗೆ ಪಾಸ್‌ವರ್ಡುಗಳನ್ನು ಬದಲಾಯಿಸಿದೆವು.

ಫೋಟೋ ಅಳಿಸಿದರಾಯಿತಲ್ಲ ಎನ್ನುವವರಿದ್ದಾರೆ. ಅಮೆರಿಕದ ಹವಾಯಿಯ ತುರ್ತು ನಿರ್ವಹಣಾ ಕಚೇರಿಯಲ್ಲಿ 2017ರ ಜುಲೈನಲ್ಲಿ ಸುದ್ದಿಸಂಸ್ಥೆಗೆಂದು ತೆಗೆದ ಚಿತ್ರವೊಂದರಲ್ಲಿ ಇಂಥದೇ ಚೀಟಿ ಇತ್ತು. 2018ರ ಜನವರಿಯಲ್ಲಿ ಅದೇ ಕಚೇರಿಯಿಂದ, ಕ್ಷಿಪಣಿ ಬರುತ್ತಿದೆ ಎಂಬ ಸುಳ್ಳು ಎಚ್ಚರಿಕೆ ಹೊರಟು ಸುದ್ದಿಯಾಯಿತು. ಆ ಸುಳ್ಳು ಎಚ್ಚರಿಕೆಗೂ ಚೀಟಿಗೂ ಸಂಬಂಧವಿರಲಿಲ್ಲ. ಆದರೂ ಜನ ಹಳೆಯ ಚಿತ್ರವನ್ನು ಹುಡುಕಿ ತೆಗೆದು ಪಾಸ್‌ವರ್ಡ್ ಓದಿದರು.

ಪ್ರಶ್ನೆಗಿಂತ ಅದರ ಬಾಲ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ: “ನನ್ನಂಥ ಸಣ್ಣ ನೌಕರನ ಹತ್ತಿರ ಕದಿಯಲು ಏನಿದೆ?” 2020ರ ಜುಲೈ 15ರಂದು ಟ್ವಿಟರಿನಲ್ಲಿ ಒಬಾಮ, ಬೈಡನ್, ಮಸ್ಕ್ ಅವರ ಖಾತೆಗಳಿಂದಲೇ ಬಿಟ್‌ಕಾಯಿನ್ ವಂಚನೆಯ ಸಂದೇಶಗಳು ಹೊರಟವು. ಕಳ್ಳರು 130 ಖಾತೆಗಳಿಗೆ ಕೈಹಾಕಿದ್ದರು. ಅವರು ಒಳಗೆ ಬಂದದ್ದು ನೌಕರರಿಗೆ ಫೋನ್ ಮಾಡಿ, ಕಂಪನಿಯ ಐಟಿ ವಿಭಾಗದವರೆಂದು ನಂಬಿಸಿ. ಮೊದಲು ಮೋಸಹೋದವರಲ್ಲಿ ಕೆಲವರಿಗೆ ಆ ಖಾತೆಗಳನ್ನು ಮುಟ್ಟುವ ಅಧಿಕಾರ ಇರಲಿಲ್ಲ. ಕಳ್ಳರು ಅವರ ಲಾಗಿನ್ ಹಿಡಿದು ಒಳಗಿನ ರೀತಿನೀತಿ ಕಲಿತು, ಅಧಿಕಾರವಿದ್ದವರ ಬಳಿಗೆ ಹೋದರು. ಸಣ್ಣ ನೌಕರನ ಹತ್ತಿರ ಏನಿದೆ ಎಂದರೆ, ಇದೇ ಇದೆ. ನೀವು ಯಾವ ತಂಡ, ಮ್ಯಾನೇಜರ್ ಯಾರು, ಎಂದು ಸೇರಿದಿರಿ ಎಂಬುದನ್ನೆಲ್ಲ ಲಿಂಕ್ಡ್‌ಇನ್‌ನಲ್ಲಿ ನೀವೇ ಬರೆದಿಟ್ಟಿರುವಾಗ, ಫೋನ್ ಮಾಡುವವನಿಗೆ ನಿಮ್ಮನ್ನು ನಂಬಿಸುವುದು ಎಷ್ಟು ಹೊತ್ತಿನ ಕೆಲಸ?

ಯಾರೂ ಕೇಳದ ಪ್ರಶ್ನೆಯೊಂದಿದೆ. ಮೋಸಹೋದೆ ಎಂದು ಗೊತ್ತಾದಾಗ ಯಾರಿಗೆ ಹೇಳಬೇಕು?

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ದಿನದ ಸಂತೋಷವನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿದಳು. ಅದೇ ವಾರ ಅವಳ ವಾಟ್ಸ್‌ಆ್ಯಪ್‌ಗೆ, ನಮ್ಮ ಎಂಡಿಯವರ ಫೋಟೋ ಇದ್ದ ಅಪರಿಚಿತ ಸಂಖ್ಯೆಯಿಂದ ಸಂದೇಶ ಬಂತು: ಸಭೆಯಲ್ಲಿದ್ದೇನೆ, ಕರೆ ಮಾಡಬೇಡಿ, ಗ್ರಾಹಕರಿಗೆ ಕೊಡಲು ತುರ್ತಾಗಿ ಗಿಫ್ಟ್ ಕಾರ್ಡ್ ಬೇಕು. ಪಿಜಿಯ ಮುಂಗಡಕ್ಕೆಂದು ಅಪ್ಪ ಕಳುಹಿಸಿದ್ದ ಹಣದಲ್ಲಿ ಅವಳು ಕಾರ್ಡ್ ಕೊಂಡಳು, ಒಂದೊಂದೇ ಸಂಖ್ಯೆಯನ್ನು ಟೈಪ್ ಮಾಡಿ ಕಳುಹಿಸಿದಳು. ಸಂಜೆಗೇ ಅನುಮಾನ ಬಂದಿತ್ತಂತೆ. ನನ್ನ ಬಳಿಗೆ ಬಂದದ್ದು ಮೂರು ದಿನ ಕಳೆದ ಮೇಲೆ. ಹಣದ ಮಾತು ಎತ್ತಲೇ ಇಲ್ಲ. “ಮೇಡಂ, ನನ್ನನ್ನು ಕೆಲಸದಿಂದ ತೆಗೆಯುತ್ತೀರಾ?” ಎಂದಳು.

ಆ ಮೂರು ದಿನಗಳಲ್ಲಿ ಅದೇ ಸಂಖ್ಯೆಯಿಂದ ಅವಳ ಜೊತೆ ಸೇರಿದ ಇನ್ನಿಬ್ಬರಿಗೆ ಸಂದೇಶ ಹೋಗಿತ್ತು. ಒಬ್ಬ ಹಣ ಕಳೆದುಕೊಂಡ. ಆ ಸಂಜೆಯೇ ಅವಳು ಹೇಳಿದ್ದರೆ ಅವನ ಹಣ ಉಳಿಯುತ್ತಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದ್ದರೆ ಹಣ ತಡೆಹಿಡಿಯಲು ಒಂದು ದಾರಿಯಾದರೂ ಇರುತ್ತಿತ್ತು. ಹೇಳಲು ಅವಳಿಗೆ ಧೈರ್ಯ ಸಾಲಲಿಲ್ಲ, ಏಕೆಂದರೆ ತರಬೇತಿಯಲ್ಲಿ ನಾನು ಒಂದು ಗಂಟೆ ಶಿಸ್ತುಕ್ರಮದ ಬಗ್ಗೆಯೇ ಮಾತಾಡಿದ್ದೆ. ಅದು ನನ್ನ ತಪ್ಪು.

ಈಗ ಬೋರ್ಡಿನ ಮೇಲೆ ಮೊದಲು ನನ್ನ ಮೊಬೈಲ್ ಸಂಖ್ಯೆ ಬರೆಯುತ್ತೇನೆ. ರಾತ್ರಿ ಎರಡು ಗಂಟೆಗಾದರೂ ಕರೆ ಮಾಡಿ, ಬೈಯುವುದಿಲ್ಲ ಎನ್ನುತ್ತೇನೆ. ಎಲ್ಲರೂ ಬರೆದುಕೊಳ್ಳುವವರೆಗೆ ಮುಂದಿನ ಮಾತು ಎತ್ತುವುದಿಲ್ಲ.