ಹಾಸನದ ಮನೆ ಕಂಟ್ರಾಕ್ಟರಿಗೆ ಪ್ರೈವೇಟ್ ಲಿಮಿಟೆಡ್ ಬೇಕಾ?

ನಾನು ಹಾಸನದಲ್ಲಿ ಮನೆ ಕಟ್ಟುವ ಕಂಟ್ರಾಕ್ಟರ್. ಮೊದಲು ಗಾರೆ ಕೆಲಸ, ಆಮೇಲೆ ಮೇಸ್ತ್ರಿ, ಈಗ ಇದು. ಕೆಲಸ ಹೆಚ್ಚಾಗಿ ಸಾಲಗಾಮೆ ರಸ್ತೆ, ವಿದ್ಯಾನಗರ, ಕುವೆಂಪುನಗರದ ಕಡೆ. ಆಗಾಗ ಆಲೂರು, ಸಕಲೇಶಪುರದ ತೋಟಗಳಲ್ಲಿ ಲೈನ್ ಮನೆ ಇಲ್ಲಾ ಹೋಂಸ್ಟೇ ಸಿಗುತ್ತದೆ. ಜೂನ್ ಬಂತು ಅಂದರೆ ಆ ಕಡೆ ಕೆಲಸ ನಿಂತ ಹಾಗೇ. ಮಳೆಗಾಲದಲ್ಲೇ ಇಂಥ ಲೆಕ್ಕಾಚಾರಕ್ಕೆಲ್ಲ ಪುರುಸೊತ್ತು.

ಅಕ್ಕನ ಮಗ ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಒಂದು ಆಡಿಟರ್ ಆಫೀಸಿನಲ್ಲಿದ್ದಾನೆ. ಊರಿಗೆ ಬಂದಾಗಲೆಲ್ಲ ಒಂದೇ ರಾಗ. "ಮಾವ, ಪ್ರೈವೇಟ್ ಲಿಮಿಟೆಡ್ ಮಾಡಿಸಿಬಿಡಿ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಮನೆ, ಗದ್ದೆ ಉಳಿಯುತ್ತೆ." ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಈಗ ನಾನಿರುವುದು ಪ್ರೊಪ್ರೈಟರ್ ಆಗಿ. ಅಂದರೆ ಫರ್ಮ್ ಬೇರೆ, ನಾನು ಬೇರೆ ಅಂತಿಲ್ಲ. ನನ್ನ ಪ್ಯಾನ್ ಕಾರ್ಡೇ ಫರ್ಮಿನ ಪ್ಯಾನ್. ಫರ್ಮಿನ ಸಾಲ ನನ್ನ ಸಾಲ. ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಗೆದ್ದರೆ ನನ್ನ ಸೈಟು, ಮನೆ ಎಲ್ಲಕ್ಕೂ ಬರಬಹುದು. ಕಂಪನಿ ಹಾಗಲ್ಲ. ಕಾನೂನಿನ ಕಣ್ಣಲ್ಲಿ ಅದು ಇನ್ನೊಬ್ಬ ವ್ಯಕ್ತಿ. ಅದರ ಸಾಲ ಅದರದ್ದು. ನಾವು ಹಾಕಿದ ಷೇರಿನ ದುಡ್ಡು ಹೋಗುತ್ತದೆ, ಅಷ್ಟೇ.

ಪುಸ್ತಕದಲ್ಲಿ ಇದು ಚೆನ್ನಾಗಿದೆ. ನಮ್ಮ ಕೆಲಸದಲ್ಲಿ ಹೇಗೆ ಅಂತ ನಮ್ಮ ಆಡಿಟರ್ ಮುಂದೆ ಕೂತು ಒಂದೊಂದಾಗಿ ಕೇಳಿದೆ.

ನಮ್ಮಂಥವರಿಗೆ ಭಯ ಇರುವುದು ಮೂರು ಕಡೆಯಿಂದ. ಮೊದಲನೆಯದು ಸಿಮೆಂಟು, ಕಬ್ಬಿಣದ ಅಂಗಡಿಯ ಉದ್ರಿ. ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟ್, ಹಾಕುವ ವಾರ ಲೋಡುಗಟ್ಟಲೆ ಬರುತ್ತದೆ, ಮನೆಯವರು ದುಡ್ಡು ಕೊಡುವುದು ಮೋಲ್ಡ್ ಆದಮೇಲೆ. ಈ ಮಧ್ಯದ ದಿನಗಳಿಗೆ ಅಂಗಡಿಯವರು ಚೆಕ್ ಇಸ್ಕೊಂಡೇ ಮಾಲು ಕೊಡುವುದು. ನಾಳೆ ನಾನು ಕಂಪನಿ ಹೆಸರಿನ ಚೆಕ್ ಕೊಟ್ಟೆ ಅಂತಿಟ್ಟುಕೊಳ್ಳಿ. ಬೌನ್ಸ್ ಆದರೆ ಚೆಕ್ ಬೌನ್ಸಿನ 138ನೇ ಸೆಕ್ಷನ್ ಕೇಸು ಕಂಪನಿ ಮೇಲೆ ಮಾತ್ರ ಅಲ್ಲ, ಸಹಿ ಹಾಕಿದ ಡೈರೆಕ್ಟರ್ ಮೇಲೂ ಬೀಳುತ್ತದೆ. ಆ ಡೈರೆಕ್ಟರ್ ಯಾರು? ನಾನೇ. ಬ್ಯಾಂಕಿನ ಕಥೆಯೂ ಇದೇ. ಸೆಂಟ್ರಿಂಗ್ ಶೀಟು, ಜಾಕಿ, ಮಿಕ್ಸರ್ ತಗೊಳ್ಳೋಕೆ ಸಣ್ಣ ಕಂಪನಿ ಸಾಲ ಕೇಳಿದರೆ ಬ್ಯಾಂಕು ಸಾಮಾನ್ಯವಾಗಿ ಡೈರೆಕ್ಟರ ಸ್ವಂತ ಗ್ಯಾರಂಟಿ ಕೇಳುತ್ತದೆ. ಅದಕ್ಕೆ ಸಹಿ ಹಾಕಿದ ಮೇಲೆ ಮನೆ, ಗದ್ದೆ ಮತ್ತೆ ಸಾಲಕ್ಕೆ ಸಿಕ್ಕಿಬಿದ್ದ ಹಾಗೇ ಅಲ್ವಾ? ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಬಾಕಿ ಕೂಡ ಕಂಪನಿಯಿಂದ ವಸೂಲಾಗದಿದ್ದರೆ ಪ್ರೈವೇಟ್ ಕಂಪನಿಯ ಡೈರೆಕ್ಟರ್‌ಗಳ ಕಡೆ ತಿರುಗಬಹುದು. ನಮ್ಮ ಬೇಜವಾಬ್ದಾರಿಯಿಂದ ಹಾಗಾಗಲಿಲ್ಲ ಅಂತ ಆಗ ನಾವೇ ತೋರಿಸಬೇಕು.

ಎರಡನೆಯದು ಸಾರುವೆ ಮೇಲಿಂದ ಯಾರಾದರೂ ಬಿದ್ದರೆ. ಇದನ್ನು ನೆನೆಸಿಕೊಂಡರೆ ಈಗಲೂ ನಿದ್ದೆ ಬರಲ್ಲ. ಇಲ್ಲಿ ಕಂಪನಿಯಿಂದ ಉಪಯೋಗ ಇದೆ, ಇಲ್ಲ ಅನ್ನಲ್ಲ. ಪರಿಹಾರ ಕೊಡಬೇಕಾದ್ದು ಕಂಪನಿ, ನಾನಲ್ಲ. ಆದರೆ ಸುರಕ್ಷತೆ ನೋಡಿಕೊಳ್ಳದೆ ಸಾವಾಯಿತು ಅಂತ ಪೊಲೀಸ್ ಕೇಸಾದರೆ ಅದು ನೋಡುವುದು ಮನುಷ್ಯನನ್ನು, ಬೋರ್ಡನ್ನಲ್ಲ. ಇನ್ನು ಪರಿಹಾರದ ವಿಷಯ. ಒಂದು ಲಕ್ಷ ಬಂಡವಾಳದ ಕಂಪನಿ, ಖಾತೆಯಲ್ಲಿ ಏನೂ ಇಲ್ಲ. ನನ್ನ ಹತ್ತಿರ ಬಟವಾಡೆ ಇಸ್ಕೊಂಡವನ ಹೆಂಡತಿಗೆ "ಕಂಪನೀಲಿ ದುಡ್ಡಿಲ್ಲಮ್ಮ" ಅಂತ ಹೇಳಿ ನಾನು ಎನ್.ಆರ್. ಸರ್ಕಲ್‌ನಲ್ಲಿ ತಲೆ ಎತ್ತಿ ಓಡಾಡೋಕಾಗುತ್ತಾ? ಅದಕ್ಕೆ ಬೇಕಾದ್ದು ಇನ್ಶೂರೆನ್ಸ್. ಏಜೆಂಟರು ಡಬ್ಲ್ಯೂಸಿ ಪಾಲಿಸಿ ಅನ್ನುತ್ತಾರಲ್ಲ, ಕೆಲಸದವರಿಗೆ ಪೆಟ್ಟಾದರೆ, ಸಾವಾದರೆ ಪರಿಹಾರ ಕೊಡುವಂಥದ್ದು, ಅದು. ಪ್ರೊಪ್ರೈಟರಿಗೂ ಸಿಗುತ್ತದೆ. ಜೊತೆಗೆ ಕೆಲಸದವರಿಗೆಲ್ಲ ಲೇಬರ್ ಕಾರ್ಡ್. 18ರಿಂದ 60 ವಯಸ್ಸಿನೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. 90 ದಿನದ ಪ್ರಮಾಣಪತ್ರಕ್ಕೆ ನಾನೇ ಸಹಿ ಹಾಕಿ ಕೊಡುತ್ತೇನೆ. ಕೆಲವು ಕಂಟ್ರಾಕ್ಟರುಗಳು ಅದಕ್ಕೂ ಸತಾಯಿಸುತ್ತಾರೆ, ಯಾಕೋ ಗೊತ್ತಿಲ್ಲ. ಅವರಪ್ಪನ ಮನೆ ಗಂಟೇನೂ ಹೋಗಲ್ಲ.

ಮೂರನೆಯದು, ಮನೆ ಬಿರುಕು ಬಿಟ್ಟಿತು, ಸೋರಿತು ಅಂತ ಮಾಲೀಕರು ಗ್ರಾಹಕರ ಆಯೋಗಕ್ಕೆ ಹೋಗುವುದು. ಇಲ್ಲಿ ಕಂಪನಿ ನಿಜವಾಗಿ ತಡೆಗೋಡೆ ಆಗುತ್ತದೆ. ದೊಡ್ಡ ಅಪಾರ್ಟ್‌ಮೆಂಟು ಕಟ್ಟುವವನಾಗಿದ್ದರೆ ಇದೊಂದೇ ಕಾರಣಕ್ಕೆ ಕಂಪನಿ ಮಾಡಿಸುತ್ತಿದ್ದೆ. 12 ಚದರದ ಮನೆಗೆ, ಎಲ್ಲ ಹಂತಕ್ಕೂ ಫೋಟೋ ತೆಗೆದಿಟ್ಟು, ಸ್ಟಾಂಪ್ ಪೇಪರ್ ಮೇಲೆ ಸರಿಯಾಗಿ ಅಗ್ರಿಮೆಂಟ್ ಮಾಡಿಕೊಂಡರೆ ಜಗಳ ಅರ್ಧ ಕಮ್ಮಿ. ಪಾಯಕ್ಕೆ ಎಷ್ಟು, ಲಿಂಟಲ್‌ಗೆ ಎಷ್ಟು, ಮೋಲ್ಡಿಗೆ, ಪ್ಲಾಸ್ಟರಿಂಗಿಗೆ, ಟೈಲ್ಸಿಗೆ ಎಷ್ಟು ಅಂತ ಬರೆದಿರಬೇಕು. ಯಾವ ಕಬ್ಬಿಣ, ಎಂ ಸ್ಯಾಂಡಾ ಮರಳಾ, ಅದೂ ಇರಬೇಕು. ಒಬ್ಬ ಮಾಲೀಕರು ಗೃಹಪ್ರವೇಶ ಆದಮೇಲೂ ಕೊನೆ ಕಂತು ಕೊಡದೆ ಸತಾಯಿಸಿದರು. ಆಗ ನನ್ನ ಕೈ ಹಿಡಿದದ್ದು ಅಗ್ರಿಮೆಂಟಿನ ಒಂದು ಸಾಲು. ಫರ್ಮ್ ಯಾವ ಥರದ್ದು ಅಂತ ಯಾರೂ ಕೇಳಲಿಲ್ಲ.

ಇಷ್ಟಾದ ಮೇಲೆ ತೆರಿಗೆ. ಇಲ್ಲಿ ಜನ ಎರಡು ಬೇರೆ ವಿಷಯ ಕಲಸಿಬಿಡುತ್ತಾರೆ. "ಕಂಪನಿ ಮಾಡಿದರೆ ಜಿಎಸ್‌ಟಿ ಕಟ್ಟಬೇಕಾಗುತ್ತೆ, ಬೇಡಪ್ಪ" ಅಂತ ನಮ್ಮ ಪ್ಲಂಬರ್ ಹೇಳುತ್ತಾನೆ. ಜಿಎಸ್‌ಟಿಗೂ ಕಂಪನಿಗೂ ಸಂಬಂಧವೇ ಇಲ್ಲ. ಅದು ವಹಿವಾಟಿನ ಮೇಲೆ. ಸಾಮಾನು ಸಮೇತ ಮನೆ ಕಟ್ಟಿಕೊಟ್ಟರೆ ಅದನ್ನು ಸೇವೆ ಅಂತಲೇ ಲೆಕ್ಕ ಹಾಕುತ್ತಾರೆ. ಸೇವೆಗೆ ಮಿತಿ ವರ್ಷಕ್ಕೆ 20 ಲಕ್ಷ. ಅಂಗಡಿಯವರಿಗಿರುವ 40 ಲಕ್ಷ ನಮಗಿಲ್ಲ. ದಾಟಿದರೆ ಪ್ರೊಪ್ರೈಟರೂ ನೋಂದಣಿ ಮಾಡಿಸಬೇಕು, ದರ 18 ಪರ್ಸೆಂಟ್. ಬರೀ ಲೇಬರ್ ಕಂಟ್ರಾಕ್ಟ್ ಆದರೆ, ಅಂದರೆ ಸಾಮಾನೆಲ್ಲ ಮಾಲೀಕರೇ ತಂದುಕೊಟ್ಟು ನಾವು ಒಂಟಿ ಮನೆ ಹೊಸದಾಗಿ ಕಟ್ಟಿದರೆ, ಆ ಕೂಲಿಗೆ ಜಿಎಸ್‌ಟಿ ಇಲ್ಲ.

ಇದರಲ್ಲೊಂದು ಗುಂಡಿ ಇದೆ. ಬರೀ ಇಂಥ ಮನೆಗಳೇ ಆದರೆ ನೋಂದಣಿ ಬೇಡ. ಒಂದು ವರ್ಷ 18 ಲಕ್ಷದ ಲೇಬರ್ ಕಂಟ್ರಾಕ್ಟ್ ಮಾಡಿ, ಮಧ್ಯೆ ಬಿ.ಎಂ. ರಸ್ತೆಯಲ್ಲಿ 5 ಲಕ್ಷದ ಅಂಗಡಿ ಮಳಿಗೆ ಕೆಲಸ ಹಿಡಿದರೆ ಎರಡನ್ನೂ ಕೂಡಿಸುತ್ತಾರೆ. 23 ಲಕ್ಷ ಆಯಿತು, ನೋಂದಣಿ ಬೇಕು. ತೆರಿಗೆ ಬೀಳುವುದು ಮಳಿಗೆಗೆ ಮಾತ್ರ, ಆದರೆ ಮಿತಿ ನೋಡುವಾಗ ಎಲ್ಲವೂ ಲೆಕ್ಕಕ್ಕೆ. ಇದನ್ನು ನನಗೆ ಬಿಡಿಸಿ ಹೇಳಿದ್ದು ಅಕ್ಕನ ಮಗನೇ. ಹೇಳಿದ ಫೀಸಿಗೆ ಊಟ ಹಾಕಿ ಕಳಿಸಿದ್ದೇವೆ.

ಇನ್‌ಕಮ್ ಟ್ಯಾಕ್ಸ್‌ನಲ್ಲಿ ಮಾತ್ರ ಎರಡಕ್ಕೂ ಜಾಸ್ತಿ ವ್ಯತ್ಯಾಸ. ಆಡಿಟರುಗಳೆಲ್ಲ 44ಎಡಿ ಅಂತ ಕರೆಯುವ ಸೌಲಭ್ಯ ಒಂದಿದೆ. ವಹಿವಾಟು 2 ಕೋಟಿಯೊಳಗಿದ್ದರೆ, ಬ್ಯಾಂಕಿಗೆ ಬಂದ ದುಡ್ಡಿನ 6 ಪರ್ಸೆಂಟ್, ನಗದಿನ 8 ಪರ್ಸೆಂಟ್ ಲಾಭ ಅಂತ ತೋರಿಸಬಹುದು. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು. ಪ್ರತಿ ಲೋಡು ಜಲ್ಲಿಗೂ ಬಿಲ್ಲು ಹುಡುಕುವ ಗೋಳಿಲ್ಲ. ಇದು ಪ್ರೊಪ್ರೈಟರಿಗಿದೆ, ಪಾರ್ಟ್‌ನರ್‌ಶಿಪ್ಪಿಗೂ ಇದೆ. ಕಂಪನಿಗಿಲ್ಲ, ಪಾಲುದಾರರ ಹೊಣೆಗೆ ಮಿತಿ ಇರುವ ಪಾರ್ಟ್‌ನರ್‌ಶಿಪ್ ಆದ ಎಲ್‌ಎಲ್‌ಪಿಗೂ ಇಲ್ಲ.

ನನ್ನ ಅಂದಾಜಿನಲ್ಲಿ ಹೇಳುತ್ತೇನೆ. ಲಾಭ 7 ಲಕ್ಷ ಅಂದುಕೊಳ್ಳಿ. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಅದೇ 7 ಲಕ್ಷ ಕಂಪನಿಯ ಲಾಭವಾದರೆ, 22 ಪರ್ಸೆಂಟಿನ ದರ ಆಯ್ದುಕೊಂಡರೂ ಸರ್‌ಚಾರ್ಜ್, ಸೆಸ್ ಸೇರಿ 25.168. ಹತ್ತಿರ ಹತ್ತಿರ 1 ಲಕ್ಷ 76 ಸಾವಿರ. ಅಕ್ಕನ ಮಗ ತಕ್ಷಣ ಹೇಳಿದ, "ನೀವು ಡೈರೆಕ್ಟರ್ ಸಂಬಳ ತಗೊಳ್ಳಿ ಮಾವ, ಲಾಭ ಕರಗುತ್ತೆ." ಸರಿ, ಅದಾಗುತ್ತದೆ. ಆದರೆ ಹಾಗೆ ಮಾಡಿ ನಾನು ತಲುಪುವುದು ಈಗ ಎಲ್ಲಿದ್ದೇನೋ ಅಲ್ಲಿಗೇ, ಮಧ್ಯದಲ್ಲಿ ಒಂದಿಷ್ಟು ಫಾರಂ ತುಂಬಿ. ವರ್ಷಕ್ಕೆ 30, 40 ಲಕ್ಷ ಉಳಿಸುವವರಿಗೆ ಲೆಕ್ಕ ಬೇರೆ. 24 ಲಕ್ಷ ದಾಟಿದ ಮೇಲೆ ನಮ್ಮಂಥವರ ದರ 30 ಪರ್ಸೆಂಟ್. ಅವರು ದುಡ್ಡನ್ನು ಕಂಪನಿಯಲ್ಲೇ ಬಿಟ್ಟು ಬೆಳೆಸಬಹುದು. ಅಂಥ ತಲೆನೋವು ನನಗೂ ಬರಲಿ.

ಕಂಪನಿ ಮಾಡಿಸುವುದು ಈಗ ಕಷ್ಟವಲ್ಲ. ಎಲ್ಲ ಆನ್‌ಲೈನ್. ಕನಿಷ್ಠ ಬಂಡವಾಳದ ನಿಯಮ 2015ರಲ್ಲೇ ಹೋಯಿತು. ಇಬ್ಬರು ಡೈರೆಕ್ಟರ್ ಬೇಕು, ಇಲ್ಲದಿದ್ದರೆ ಒಬ್ಬರದ್ದೇ ಒಪಿಸಿ ಕಂಪನಿ ಆಗುತ್ತದೆ. ಅದಕ್ಕಿದ್ದ 2 ಕೋಟಿ ವಹಿವಾಟಿನ ಮಿತಿಯನ್ನೂ 2021ರ ಏಪ್ರಿಲ್‌ನಿಂದ ತೆಗೆದಿದ್ದಾರೆ. ಕಷ್ಟ ಇರುವುದು ನಡೆಸುವುದರಲ್ಲಿ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಆಡಿಟ್ ಕಡ್ಡಾಯ. ವರ್ಷದ ಲೆಕ್ಕಪತ್ರ, ವಾರ್ಷಿಕ ರಿಟರ್ನ್ ಎರಡೂ ರಿಜಿಸ್ಟ್ರಾರಿಗೆ ಹೋಗಬೇಕು. ತಡವಾದರೆ ಒಂದೊಂದು ಫಾರಮ್ಮಿಗೆ ದಿನಕ್ಕೆ 100 ರೂಪಾಯಿ. ಮುಚ್ಚುವುದಕ್ಕೂ 10,000 ಫೀಸು, ಆಡಿಟರ ಫೀಸು ಬೇರೆ. ಮನೆಯವಳನ್ನು ಎರಡನೇ ಡೈರೆಕ್ಟರ್ ಮಾಡೋಣ ಅಂದೆ. "ರೀ, ನಾನು ಸೈನ್ ಹಾಕ್ತೀನಿ, ಆದರೆ ಪ್ರತಿ ಪೇಪರೂ ಓದಿಯೇ ಹಾಕೋದು" ಅಂದಳು. ಅಲ್ಲಿಗೆ ಅರ್ಧ ಉತ್ಸಾಹ ಇಳಿಯಿತು.

ಇನ್ನೊಂದು ಶನಿವಾರದ ಬಟವಾಡೆ. ಕೆಲಸದವರು ಸಂಜೆ ಕಾಯುತ್ತಿರುತ್ತಾರೆ. ಮಾಲೀಕರ ಕಂತು ಬಂದಿರಲ್ಲ. ಮನೆ ಖರ್ಚಿನ ದುಡ್ಡು ತಂದು ಹಂಚುತ್ತೇನೆ. ಸೋಮವಾರ ಕಂತು ಬಂದರೆ ಮಗಳ ಕಾಲೇಜು ಫೀಸು ಅದೇ ಖಾತೆಯಿಂದ ಕಟ್ಟುತ್ತೇನೆ. ಪ್ರೊಪ್ರೈಟರಿಗೆ ಇದರಲ್ಲಿ ತಪ್ಪಿಲ್ಲ. ಲೆಕ್ಕ ಬರೆದರಾಯಿತು. ಕಂಪನಿ ಖಾತೆಯಿಂದ ಹೀಗೆ ಎತ್ತಿದರೆ ಅದು ಸಂಬಳವಾ, ಸಾಲವಾ, ಡಿವಿಡೆಂಡಾ ಅಂತ ಪ್ರಶ್ನೆ ಏಳುತ್ತದೆ. ಡೈರೆಕ್ಟರಿಗೆ ಕಂಪನಿ ಸಾಲ ಕೊಡುವುದಕ್ಕೆ ಕಾನೂನಿನ ಬಿಗಿ ಇದೆ, ತೆರಿಗೆಯೂ ಬೀಳಬಹುದು. ನನ್ನ ಸ್ವಭಾವಕ್ಕೆ ಇದು ಒಗ್ಗಲ್ಲ.

ಈ ಚರ್ಚೆ ಶುರುವಾಗಿದ್ದೇ ಸಕಲೇಶಪುರದ ಹತ್ತಿರ ಒಂದು ರೆಸಾರ್ಟ್ ಕೆಲಸದಿಂದ. ಬೆಂಗಳೂರಿನವರು. "ವೆಂಡರ್ ರಿಜಿಸ್ಟ್ರೇಷನ್ ಬೇಕು" ಅಂದಾಗ ಕಂಪನಿಯೇ ಬೇಕೇನೋ ಅಂದುಕೊಂಡೆ. ಅವರು ಕೇಳಿದ್ದು ಪ್ಯಾನ್, ಜಿಎಸ್‌ಟಿ ನಂಬರ್, ಸಣ್ಣ ಉದ್ಯಮದ ಸರ್ಕಾರಿ ನೋಂದಣಿಯಾದ ಉದ್ಯಮ್ ಸರ್ಟಿಫಿಕೇಟ್, ಕ್ಯಾನ್ಸಲ್ ಮಾಡಿದ ಚೆಕ್. ಅಷ್ಟೇ. ಬಿಲ್ಲಿನಲ್ಲಿ ಟಿಡಿಎಸ್, ಅಂದರೆ ಮೊದಲೇ ಕಡಿದುಕೊಳ್ಳುವ ಇನ್‌ಕಮ್ ಟ್ಯಾಕ್ಸ್, ಹಿಡಿದರು, ನನಗೆ 1 ಪರ್ಸೆಂಟ್. ಕಂಪನಿಯಾಗಿದ್ದರೆ 2. ರಿಟರ್ನ್ ಹಾಕಿದರೆ ಹೊಂದಾಣಿಕೆ ಆಗುವ ದುಡ್ಡೇ, ಆದರೂ ಅಷ್ಟು ದಿನ ಕೈಯಲ್ಲಿ ಇರಲ್ಲ. ಅಂದಹಾಗೆ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸರ್ಕಾರದ ವೆಬ್‌ಸೈಟಿನಲ್ಲಿ ಆಧಾರ್, ಪ್ಯಾನ್ ಹಾಕಿದರೆ ಮುಗಿಯಿತು. ಇದಕ್ಕೆ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.

ಸದ್ಯಕ್ಕೆ ನಾನು ಪ್ರೊಪ್ರೈಟರ್ ಆಗಿಯೇ ಇದ್ದೇನೆ. ಬದಲಾಯಿಸಿದ್ದು ಎರಡೇ. ಡಬ್ಲ್ಯೂಸಿ ಪಾಲಿಸಿ ಇಲ್ಲದೆ ಯಾವ ಸೈಟಿನಲ್ಲೂ ಪಾಯ ತೆಗೆಯಲ್ಲ. ಉದ್ರಿಗೆ ನನ್ನ ಮಟ್ಟಿಗೆ ಒಂದು ಮಿತಿ ಹಾಕಿಕೊಂಡಿದ್ದೇನೆ, ಅದು ದಾಟಿದರೆ ಮಾಲೀಕರೇ ಅಂಗಡಿಗೆ ನೇರವಾಗಿ ದುಡ್ಡು ಹಾಕಬೇಕು.

ಆದರೆ ಅಕ್ಕನ ಮಗ ಗೆಲ್ಲುವ ಜಾಗವೂ ಒಂದಿದೆ. ಚಿಕ್ಕಮಗಳೂರಿನ ಒಬ್ಬ ಪರಿಚಯದವರು ಜಾಗ ಕೊಂಡು, ಒಟ್ಟಿಗೆ ಮನೆ ಕಟ್ಟಿ ಮಾರೋಣ ಅನ್ನುತ್ತಿದ್ದಾರೆ. ದುಡ್ಡು ಅವರದ್ದು, ಕೆಲಸ ನನ್ನದು. ಅದನ್ನು ಬಾಯಿಮಾತಿನಲ್ಲಿ ನಡೆಸುವ ಹಾಗಿಲ್ಲ. ಮಾಮೂಲಿ ಪಾರ್ಟ್‌ನರ್‌ಶಿಪ್ ಆದರೆ ಅವರು ಫರ್ಮಿಗಾಗಿ ಮಾಡಿದ ಸಾಲಕ್ಕೂ ನನ್ನ ಮನೆ ಹೊಣೆ. ಆ ಕೆಲಸ ಕೈಗೂಡಿದರೆ ಅದಕ್ಕೆ ಅಂತಲೇ ಬೇರೆ ಕಂಪನಿ, ಇಲ್ಲಾ ಎಲ್‌ಎಲ್‌ಪಿ. ಹಾಸನದ ಮನೆ ಕೆಲಸಗಳು ಈಗಿನ ಹೆಸರಿನಲ್ಲೇ. ಯಾರಿಗೆ ಎಷ್ಟು ಪಾಲು, ಚೆಕ್ಕಿಗೆ ಯಾರ ಸಹಿ ಅಂತ ಬರೆದು ಕಳಿಸಿ ಅಂದಿದ್ದೇನೆ. ಇನ್ನೂ ಬಂದಿಲ್ಲ.