ಪೂರ್ತಿ ಸೊನ್ನೆ ಬಂದ ಫಾರ್ಮು

ತಾರತಮ್ಯ ಮತ್ತು ಆರೋಗ್ಯದ ಮೇಲೆ ಸಂಶೋಧನೆ ಮಾಡ್ತೀನಿ ಅಂದರೆ ಜನ ಮೊದಲು ಕೇಳೋದು, ಅದನ್ನ ಅಳೆಯೋದು ಹೇಗೆ ಅಂತ. ಅದಕ್ಕೊಂದು ಪ್ರಶ್ನಾವಳಿ ಇದೆ. ಸಮಾಜಶಾಸ್ತ್ರಜ್ಞ ಡೇವಿಡ್ ವಿಲಿಯಮ್ಸ್ ಮತ್ತು ಜೊತೆಗಾರರು ಡೆಟ್ರಾಯಿಟ್‌ನ ಕಪ್ಪು ಮತ್ತು ಬಿಳಿ ಜನರ ನಡುವೆ ಬಳಸಿ, 1997ರಲ್ಲಿ ಪ್ರಕಟಿಸಿದ್ದು. ಒಂಬತ್ತೇ ಪ್ರಶ್ನೆ. ನಿಮಗೆ ಬೇರೆಯವರಿಗಿಂತ ಕಡಿಮೆ ಮರ್ಯಾದೆ ಕೊಡ್ತಾರಾ, ಹೋಟೆಲು ಅಂಗಡಿಗಳಲ್ಲಿ ಸರಿಯಾಗಿ ವಿಚಾರಿಸಲ್ವಾ, ದಡ್ಡರು ಅನ್ನೋ ಹಾಗೆ ನೋಡ್ತಾರಾ, ಹೀಗೆ. ದಿನಾ ನುಂಗಿಕೊಳ್ಳೋ ಸಣ್ಣ ಅವಮಾನವೂ ಬಿಪಿ, ನಿದ್ದೆ ಎಲ್ಲದರ ಮೇಲೂ ಕೂರುತ್ತೆ ಅನ್ನೋದು ಇದರ ಹಿಂದಿನ ವಿಚಾರ.

ಆ ಪ್ರಶ್ನೆಗಳನ್ನೇ ಹಿಡಿದು ಕೊಪ್ಪಳ ಜಿಲ್ಲೆಯ ಒಂದು ಕೇರಿಗೆ ಹೋಗಿದ್ದೆ. ಐವತ್ತು ದಾಟಿದ ಹೆಂಗಸು, ಶೇಂಗಾ ಸುಲಿಯುತ್ತಾ ಕೂತಿದ್ದರು. ಹೋಟೆಲ್‌ನಲ್ಲಿ? ‘ಇಲ್ರೀ.’ ಅಂಗಡಿಯಲ್ಲಿ? ‘ಇಲ್ಲ.’ ಒಂಬತ್ತಕ್ಕೂ ಅದೇ ಉತ್ತರ. ನಾನು ಸುಮ್ನೆ ಗುರುತು ಹಾಕ್ತಾ ಹೋದೆ. ಒಳಗಿದ್ದ ಸೊಸೆ ನಕ್ಕಳು. ‘ಅತ್ತಿ ಹೋಟೆಲಿಗೆ ಹೋದ್ರಲ್ಲ ಆಗೋದು?’

ಆಮೇಲೆ ಮಾತು ಬಿಚ್ಚಿಕೊಂಡಿತು. ಆಯಮ್ಮನಿಗೆ ಬಿಪಿ ಇದೆ. ಹತ್ತಿರದಲ್ಲೇ ಆರೋಗ್ಯ ಕೇಂದ್ರ ಇದೆ, ಅಲ್ಲಿಗೆ ಹೋಗಲ್ಲ. ‘ಗುಳಿಗಿ ಮ್ಯಾಲಿಂದ ಸೆರಗಿನಾಗ ಬೀಳಸ್ತಿದ್ರು, ಕೈಗೆ ಕೈ ತಾಗಬಾರ್ದಂತ. ಯಾಕ್ ಬೇಕ್ರೀ?’ ಹಾಗಾಗಿ ಬಸ್ ಹತ್ತಿ ಗಂಗಾವತಿಯ ಖಾಸಗಿ ಡಾಕ್ಟರ ಹತ್ತಿರ ಹೋಗ್ತಾರೆ, ಅವತ್ತಿನ ಕೂಲಿ ಹೋಯಿತು, ಫೀಸು ಬೇರೆ. ದುಡ್ಡಿಲ್ಲದ ತಿಂಗಳು ಗುಳಿಗೆಯೂ ಇಲ್ಲ.

ನನ್ನ ಫಾರ್ಮಿನ ಪ್ರಕಾರ ಆಕೆಗೆ ತಾರತಮ್ಯವೇ ಆಗಿಲ್ಲ! ಅವಮಾನ ಆಗೋ ಜಾಗವನ್ನೇ ಬಿಟ್ಟವರಿಗೆ ಅಂಕ ಕಡಿಮೆ ಬರುತ್ತೆ, ಬಿಟ್ಟಿದ್ದಕ್ಕೆ ತೆತ್ತ ಬೆಲೆ ಎಲ್ಲೂ ಬರಲ್ಲ. ವಿಲಿಯಮ್ಸ್ ಅವರಿಗೆ ಇದು ಹೊಳೆದಿರಲಿಲ್ಲ ಅಂತಲ್ಲ. ಮಾತಾಡುವಾಗ ಹುಷಾರಾಗಿರ್ತೀರಾ, ಕೆಲವು ಜಾಗಗಳನ್ನು ತಪ್ಪಿಸ್ತೀರಾ ಅನ್ನೋ ಪ್ರಶ್ನೆಗಳನ್ನೂ ಅವರು ಬೇರೆಯಾಗಿ ಮಾಡಿದ್ದಾರೆ. ಸಮಯ ಉಳಿಸೋಕೆ ಅಂತ ನಮ್ಮಂಥವರ ಸಮೀಕ್ಷೆಗಳಲ್ಲಿ ಅವಕ್ಕೆ ಜಾಗ ಸಿಗಲ್ಲ, ಅಷ್ಟೇ. ನಮ್ಮಲ್ಲಿ ಅವಮಾನ ಮಾಡುವ ಕಡೆಯವರನ್ನೂ ಕೇಳಬಹುದು ಅಲ್ವಾ? 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಹಾಗೇ ಮಾಡಿತು. ಸುಮಾರು 27% ಮನೆಗಳವರು ನಮ್ಮಲ್ಲಿ ಅಸ್ಪೃಶ್ಯತೆ ಉಂಟು ಅಂತ ತಾವೇ ಒಪ್ಪಿಕೊಂಡರು. ಆ ಧೈರ್ಯ ನೋಡಿ.

ಎಲ್ಲಿಗೆ ಹೋಗೋದು ಬಿಟ್ಟಿದ್ದೀರಿ, ಅದರಿಂದ ಎಷ್ಟು ಖರ್ಚು ಜಾಸ್ತಿ ಆಯಿತು ಅಂತ ಎರಡು ಪ್ರಶ್ನೆ ಸೇರಿಸೋಣ ಅಂದೆ. ಬೇರೆ ದೇಶಗಳ ಜೊತೆ ಹೋಲಿಸೋಕೆ ಆಗಲ್ಲ ಅಂತ ತಂಡದಲ್ಲಿ ಜಗಳವೇ ಆಯಿತು. ಕೊನೆಗೆ ಒಂಬತ್ತನ್ನೂ ಮುಟ್ಟದೆ, ಈ ಎರಡನ್ನು ಫಾರ್ಮಿನ ಕೊನೆಗೆ ಹಾಕಿಕೊಂಡೆವು.