ನೀರಿಗೂ ವಯಸ್ಸಾಗುತ್ತದೇನಮ್ಮ?

ಮಂಗಳವಾರ ಬೆಳಗಿನ ಜಾವ ನಲ್ಲಿ ಗೊರಗೊರ ಎಂದಿತು. ಎಂಟು ದಿನದ ಮೇಲೆ ಬಂದ ನೀರು. ನಾನು ಎದ್ದವಳೇ ಎಂದಿನಂತೆ ನೀಲಿ ಡ್ರಮ್ಮನ್ನು ಓರೆ ಮಾಡಿ, ಅರ್ಧ ಉಳಿದಿದ್ದ ಹಳೆಯ ನೀರನ್ನು ಚರಂಡಿಗೆ ಚೆಲ್ಲಿದೆ. ಆಮೇಲೆ ಅಡುಗೆಮನೆಯ ಎರಡು ಕೊಡಗಳ ಸರದಿ. ಎರಡನೆಯದನ್ನು ಬಗ್ಗಿಸುವಾಗ ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು:

"ನೀರಿಗೂ ವಯಸ್ಸಾಗುತ್ತದೇನಮ್ಮ?"

ಗದರಿದ್ದರೆ ನಾನೂ ಒಂದು ಮಾತು ಆಡಿ ಮುಗಿಸುತ್ತಿದ್ದೆ. ತಿಳಿಯದವರು ತಿಳಿದುಕೊಳ್ಳಲು ಕೇಳಿದ ಹಾಗಿತ್ತು ದನಿ. ಎದುರು ಮನೆಯ ಮೇಷ್ಟ್ರು ಅದೇ ಹೊತ್ತಿಗೆ ತಮ್ಮ ಡ್ರಮ್ಮನ್ನು ಬೀದಿಗೆ ಬಗ್ಗಿಸುತ್ತಿದ್ದರು. ನೀರು ಬರಲಿಲ್ಲವೆಂದು ಮೊನ್ನೆ ಮೊನ್ನೆ ಇಡೀ ಬೀದಿಯವರಿಂದ ಅರ್ಜಿಗೆ ಸಹಿ ಹಾಕಿಸಿದ್ದ ಮನುಷ್ಯ. ನಾನೂ ಹಾಕಿದ್ದೆ, ಇರಲಿ.

ಡ್ರಮ್ಮು 200 ಲೀಟರಿನದು. ಚೆಲ್ಲಿದ್ದು ನೂರು. ನಮ್ಮ ಶೌಚಾಲಯದ ಫ್ಲಷ್ ಒಂದು ಸಲಕ್ಕೆ ಹತ್ತು ಲೀಟರ್ ನುಂಗುತ್ತದೆ. ಹತ್ತು ಸಲಕ್ಕೆ ಸಾಕಾಗುತ್ತಿತ್ತು. ಶೇಖರಿಸಿದ ನೀರಿನಲ್ಲಿ ಸೊಳ್ಳೆಮರಿ ಆಗುತ್ತದೆ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆಯಿರಿ ಎಂದು ಆಶಾ ಕಾರ್ಯಕರ್ತೆ ಹೇಳಿದ್ದು ನನ್ನ ಪರವಾಗಿದೆ ಎಂದುಕೊಂಡೆ. ಆದರೆ ಖಾಲಿ ಮಾಡಿ ಎಂದರಲ್ಲದೆ ಚರಂಡಿಗೆ ಸುರಿಯಿರಿ ಎಂದು ಆಕೆ ಹೇಳಿರಲಿಲ್ಲ.

ಅತ್ತೆ ಚಳ್ಳಕೆರೆ ಕಡೆಯವರು. ಮಳೆ ಅಲ್ಲಿಗೆ ನೆಂಟರ ಹಾಗೆ ಬಂದು ಹೋಗುತ್ತದೆ. ಅವರ ತವರಿನಲ್ಲಿ ಅಕ್ಕಿ ತೊಳೆದ ನೀರು ಎಮ್ಮೆಯ ಕಲಗಚ್ಚಿಗೆ, ಬಚ್ಚಲ ನೀರು ಹಿತ್ತಲ ಬಾಳೆಗೆ. ಇದನ್ನು 'ಮರುಬಳಕೆ' ಎಂದು ಕರೆದರೆ ಅವರಿಗೆ ನಗು ಬರುತ್ತದೆ. ನನಗೋ ಒಂದು ಕಾಲದಲ್ಲಿ ಆ ಪದದ ಮೇಲೆ ಬಹಳ ಹೆಮ್ಮೆಯಿತ್ತು. ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಬಕೆಟ್ಟಿಗೆ ಹಿಡಿದು ನಾಲ್ಕು ತಿಂಗಳು ಕರಿಬೇವಿಗೆ ಹಾಕಿದೆ. ಎಲೆಯಂಚು ಸುಟ್ಟಂತಾಯಿತು. ಕೊಳವೆಬಾವಿಯ ಉಪ್ಪೆಲ್ಲ ಮಂದವಾಗಿ ಸೇರುವುದು ಆ ನೀರಿನಲ್ಲೇ ಎಂದು ಆಮೇಲೆ ತಿಳಿಯಿತು. "ನಾಲಿಗೆಗೆ ಹಚ್ಚಿ ನೋಡಬಾರದಿತ್ತೇ?" ಎಂದಿದ್ದರು ಅತ್ತೆ. ಈಗ ಅದರಲ್ಲಿ ನೆಲ ಒರೆಸುತ್ತೇವೆ.

"ನೀರಿಗೂ ವಯಸ್ಸಾಗುತ್ತದೇನಮ್ಮ?" ಬುಧವಾರ ಬಸ್ಸಿನಲ್ಲಿ ಕುಳಿತಾಗಲೂ ಅದೇ ಮಾತು. ಕಿಟಕಿಯಾಚೆ ಚಿತ್ರದುರ್ಗದ ಕೋಟೆ. ಅಲ್ಲಿ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವಂತೆ ಕಟ್ಟಿದ್ದಾರೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ತಿಂಗಳುಗಟ್ಟಲೆ ಕಾದಿಟ್ಟು ಕುಡಿದ ಊರು ಇದು. ಓಬವ್ವನ ಒನಕೆ ಎಲ್ಲರಿಗೂ ನೆನಪಿದೆ. ಗಂಡನನ್ನು ಊಟಕ್ಕೆ ಕೂರಿಸಿ ನೀರು ತರಲು ಹೋದದ್ದಕ್ಕೇ ಅವಳಿಗೆ ಕಿಂಡಿಯಲ್ಲಿ ನುಸುಳುವವರು ಕಂಡರು ಎಂಬ ಭಾಗವನ್ನು ನಾವು ಕಥೆಯಲ್ಲಿ ಓಡಿಸಿಬಿಡುತ್ತೇವೆ. ತಂದ ನೀರನ್ನು ಹಳೆಯದೆಂದು ಅವಳು ಎಂದಾದರೂ ಚೆಲ್ಲಿದ್ದಳೇ?

ಇನ್ನೊಂದು ಹೇಳಬೇಕು, ಹೇಳಲು ನಾಚಿಕೆ. ಮಂಗಳವಾರ ಕಣ್ಣೀರಿನಂತೆ ತಿಳಿಯಾಗಿದ್ದ ನೀರನ್ನು ಚೆಲ್ಲಿ, ಡ್ರಮ್ಮನ್ನು ನಲ್ಲಿಯ ಕೆಳಗಿಟ್ಟೆನಲ್ಲ, ಬಂದದ್ದು ಕೆಮ್ಮಣ್ಣು ಕಲಸಿದಂಥ ನೀರು. ವಾರವಿಡೀ ಖಾಲಿ ಬಿದ್ದ ಕೊಳವೆಯಲ್ಲಿ ಮೊದಲ ಹತ್ತು ನಿಮಿಷ ಬರುವುದು ಅದೇ. ಅತ್ತೆ ಮಾತಾಡದೆ ಎರಡು ಬಕೆಟ್ ತಂದು ಒಡ್ಡಿದರು, ಮೇಲೆ ತಟ್ಟೆ ಮುಚ್ಚಿ ಬಚ್ಚಲ ಮೂಲೆಗೆ ಎಳೆದರು. ಸಂಜೆಗೆ ತಳದಲ್ಲಿ ಬೆರಳಗಲ ಕೆಸರು ನಿಂತಿತ್ತು. ಮೇಲಿನ ನೀರನ್ನು ಚೊಂಬಿನಲ್ಲಿ ಮೊಗೆದು ಕರಿಬೇವಿಗೆ ಹಾಕುತ್ತಾ, "ಕೆಸರನ್ನೂ ಚೆಲ್ಲಬೇಡ, ಕುಂಡಕ್ಕೆ ಹಾಕು" ಎಂದರು.